ಹಳೆ ಕಾರಿಗೆ ಹೊಸ ಎಂಜಿನ್: ಆರ್‌ಸಿ ಒಪ್ಪದ ಕಸಿ

2025ರಲ್ಲಿ ಹಳೆ ಕಾರಿನ ಮಾಲೀಕರಿಗೆ ಒಂದರ ಬೆನ್ನಿಗೆ ಒಂದು ಸುದ್ದಿ ಬಂತು. ಏಪ್ರಿಲ್ 1ರಿಂದ ಕೇರಳ ಸರ್ಕಾರ ಹದಿನೈದು ವರ್ಷ ದಾಟಿದ ಖಾಸಗಿ ವಾಹನಗಳ ತೆರಿಗೆಯನ್ನು ಶೇ 50ರಷ್ಟು ಏರಿಸಿತು. ಅದೇ ಹೊತ್ತಿಗೆ ಬಂಕುಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಜುಲೈಯಲ್ಲಿ ದೆಹಲಿಯ ಹಳೆ ವಾಹನಗಳಿಗೆ ಇಂಧನವನ್ನೇ ಹಾಕಬಾರದೆಂಬ ಆದೇಶ ಜಾರಿಗೆ ಬಂದು, ಜನರ ಸಿಟ್ಟಿಗೆ ಹೆದರಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 5,000 ರೂಪಾಯಿಯಿಂದ 10,000ಕ್ಕೆ ಏರಿಸಿತು.

ಈ ನಾಲ್ಕೂ ಸುದ್ದಿಗಳು ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಕಾರಣಕ್ಕೆ ಬಂದವು. ಆದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಮನೆಯ ಶೆಡ್ಡಿನಲ್ಲಿ ಅಂಬಾಸಿಡರನ್ನೋ ಪದ್ಮಿನಿಯನ್ನೋ ಉಳಿಸಿಕೊಂಡವರ ತಲೆಯಲ್ಲಿ ಅವೆಲ್ಲ ಒಂದೇ ಪ್ರಶ್ನೆಯಾಗಿ ನಿಂತಿವೆ. ಬಾಡಿ ಹಳೆಯದೇ ಇರಲಿ, ಒಳಗೆ ಇಂದಿನ ಎಂಜಿನ್ ಕೂರಿಸಿಬಿಟ್ಟರೆ ಈ ತಾಪತ್ರಯಗಳಿಂದ ಪಾರಾಗಬಹುದೇ?

ಪಾರಾಗಲು ಸಾಧ್ಯವಿಲ್ಲ. ಎಂಜಿನ್ ಬದಲಿಸಿದರೆ ಕಾರು ಚೆನ್ನಾಗಿ ಓಡಬಹುದು, ಆದರೆ ತೆರಿಗೆ ಇಳಿಯುವುದಿಲ್ಲ, ಶುಲ್ಕ ಇಳಿಯುವುದಿಲ್ಲ, ಮೇಲಾಗಿ ಇದ್ದ ನೋಂದಣಿಗೇ ಕುತ್ತು ಬರುತ್ತದೆ. ಹೀಗೇಕೆ ಎಂದು ತಿಳಿಯಬೇಕಾದರೆ ಗ್ಯಾರೇಜಿನ ಲೆಕ್ಕವನ್ನೂ ಆರ್‌ಟಿಒ ಕಚೇರಿಯ ಲೆಕ್ಕವನ್ನೂ ಬೇರೆಬೇರೆಯಾಗಿ ನೋಡಬೇಕು.

ವಯಸ್ಸು ಯಾವುದರದ್ದು?

ಖಾಸಗಿ ಕಾರಿನ ಮೊದಲ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಈ ಎಣಿಕೆ ಶುರುವಾಗುವುದು ಕಾರು ಮೊದಲು ನೋಂದಣಿಯಾದ ದಿನದಿಂದ. ಎಂಜಿನ್ ಯಾವ ವರ್ಷದ್ದು ಎಂಬುದಕ್ಕೆ ಇಲ್ಲಿ ಜಾಗವೇ ಇಲ್ಲ. 1985ರ ಪದ್ಮಿನಿಯೊಳಗೆ ಇಂದಿನ ಹೊಗೆ ಮಾನದಂಡವಾದ ಬಿಎಸ್-6ರ ಎಂಜಿನ್ ಇದ್ದರೂ ಅದು 1985ರ ಪದ್ಮಿನಿಯೇ.

ಕೇರಳದ ತೆರಿಗೆ ನಿಗದಿಯಾಗುವುದು ಕಾರಿನ ತೂಕದ ಮೇಲೆ. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷದ ತೆರಿಗೆ 750 ಕೆ.ಜಿ.ವರೆಗೆ 6,400 ರೂಪಾಯಿ ಇದ್ದದ್ದು 9,600 ಆಯಿತು. 750ರಿಂದ 1,500 ಕೆ.ಜಿ.ವರೆಗೆ 8,600 ಇದ್ದದ್ದು 12,900. ಅದಕ್ಕೂ ಮೇಲೆ 10,600 ಇದ್ದದ್ದು 15,900. ಪದ್ಮಿನಿಯೂ ಅಂಬಾಸಿಡರೂ ನಡುವಿನ ಸಾಲಿಗೆ ಬೀಳುತ್ತವೆ. ಅಂದರೆ 2025ರಲ್ಲಿ ಪ್ರಕಟವಾದ ದರಗಳಂತೆ ರಾಜ್ಯಕ್ಕೆ 12,900, ಕೇಂದ್ರ ನಿಗದಿ ಮಾಡಿದ ನವೀಕರಣ ಶುಲ್ಕ 10,000, ಒಟ್ಟು 22,900 ರೂಪಾಯಿ. ವಿಮೆ, ಹೊಗೆ ತಪಾಸಣೆ, ತಪಾಸಣೆಗೆ ಮುನ್ನ ಮಾಡಿಸುವ ಬಣ್ಣ ಮತ್ತು ವೆಲ್ಡಿಂಗ್ ಇವೆಲ್ಲ ಬೇರೆ. ವರ್ಷಕ್ಕೆ ನಾಲ್ಕು ಮದುವೆ, ಎರಡು ಜಾತ್ರೆಗೆ ಹೊರಬರುವ ಕಾರಿಗೆ ಇದು ಸಣ್ಣ ಮೊತ್ತವಲ್ಲ. ಇಷ್ಟು ತೆತ್ತ ಮೇಲೆ ಕಾರು ಕನಿಷ್ಠ ನಂಬಿಕೆಯಿಂದ ಓಡಲಿ ಎನ್ನಿಸುವುದು ಸಹಜ. ಎಂಜಿನ್ ಬದಲಿಸುವ ಯೋಚನೆ ಮೊಳೆಯುವುದು ಇಲ್ಲೇ.

ದೆಹಲಿಯ ವಿಷಯವನ್ನು ಇಲ್ಲೇ ಮುಗಿಸಿಬಿಡಬಹುದು. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ಗಡುವು ಇರುವುದು ರಾಷ್ಟ್ರ ರಾಜಧಾನಿ ವಲಯಕ್ಕೆ ಮಾತ್ರ; ಅಲ್ಲಿನ ಗಾಳಿಯ ಸ್ಥಿತಿಯನ್ನು ನೋಡಿ ಹಸಿರು ನ್ಯಾಯಮಂಡಳಿ ಹಾಗೂ ಸುಪ್ರೀಂ ಕೋರ್ಟ್ ಹೇಳಿದ್ದು ಅದು. ಕಾಸರಗೋಡಿನಲ್ಲಿ ತಪಾಸಣೆಯಲ್ಲಿ ಗೆದ್ದ ಕಾರಿಗೆ ಎಷ್ಟೇ ವಯಸ್ಸಾಗಿದ್ದರೂ ನವೀಕರಣ ಸಿಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ‘ಹದಿನೈದು ವರ್ಷಕ್ಕೆ ಗುಜರಿ’ ಎಂಬ ಸಂದೇಶಕ್ಕೆ ಇಲ್ಲಿ ಬೆಲೆ ಕೊಡಬೇಕಾಗಿಲ್ಲ.

ಎಥೆನಾಲ್ ಭಯ ಎಷ್ಟು ನಿಜ?

ಎಂಜಿನ್ ಬದಲಿಸಲು ಮಾಲೀಕರು ಕೊಡುವ ಹೊಸ ಕಾರಣ ಇ-20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಕಾರಣದಲ್ಲಿ ಹುರುಳಿದೆ. ಎಥೆನಾಲ್ ಹಳೆ ಕಾಲದ ರಬ್ಬರ್ ಪೈಪು, ವಾಷರು, ಪಂಪಿನ ಡಯಾಫ್ರಂ ಇವನ್ನು ಮೆತ್ತಗೆ ಮಾಡುತ್ತದೆ ಇಲ್ಲವೇ ಬಿರುಕು ಬಿಡಿಸುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ಕೂರುತ್ತದೆ, ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಪುಡಿ ಕಾರ್ಬ್ಯುರೇಟರಿನಲ್ಲಿ ಇಂಧನ ಹಾಯುವ ಸಣ್ಣ ರಂಧ್ರವಾದ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೆ ಜೆಟ್ ಹಾಕಿದ ಎಂಜಿನ್‌ಗೆ ಇಂಧನ ಸಾಲದೆ ಬಿಸಿಯೂ ಹೆಚ್ಚುತ್ತದೆ. ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಮಾರಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿದೆ. ಆದ್ದರಿಂದ ಇದು ಬಂದುಹೋಗುವ ಸಮಸ್ಯೆಯಲ್ಲ.

ಆದರೆ ಈ ಕಾಯಿಲೆಗೆ ಎಂಜಿನ್ ಬದಲಾವಣೆ ಮದ್ದಲ್ಲ. ಇಂಧನದ ಪೈಪುಗಳನ್ನು ಎಥೆನಾಲ್ ತಾಳುವ ಫ್ಲೋರೋ ರಬ್ಬರಿನದಕ್ಕೆ ಬದಲಿಸುವುದು, ಪಂಪಿನ ಡಯಾಫ್ರಂ ಹೊಸದು ಹಾಕುವುದು, ಜೆಟ್ ಒಂದು ಅಳತೆ ದೊಡ್ಡದು ಮಾಡುವುದು, ಮಳೆಗಾಲಕ್ಕೆ ಮೊದಲು ಟ್ಯಾಂಕ್ ಖಾಲಿ ಮಾಡಿಯೋ ಪೂರ್ತಿ ತುಂಬಿಸಿಯೋ ಇಡುವುದು ಸಾಕು. ಇದು ಒಬ್ಬ ಒಳ್ಳೆಯ ಮೆಕ್ಯಾನಿಕ್ ಮುಗಿಸುವ ಕೆಲಸ, ನೋಂದಣಿ ಪತ್ರವಾದ ಆರ್‌ಸಿಯ ಒಂದು ಅಕ್ಷರವೂ ಬದಲಾಗಬೇಕಿಲ್ಲ. ಇದೇ ಹೆದರಿಕೆ ಸೀಸದ ಪೆಟ್ರೋಲ್ ನಿಂತ 2000ದಲ್ಲೂ ಇತ್ತು. ಸೀಸದ ಲೇಪನವಿಲ್ಲದೆ ಮೆತ್ತನೆಯ ವಾಲ್ವ್ ಸೀಟುಗಳು ಸವೆಯುತ್ತವೆ ಎಂಬುದು ಆಗಿನ ಆತಂಕ. ಗಟ್ಟಿ ಲೋಹದ ಸೀಟು ಕೂರಿಸಿ ಅವೇ ಎಂಜಿನ್‌ಗಳನ್ನು ಓಡಿಸಲಾಯಿತು.

ನಿಜವಾದ ಒತ್ತಡ ಬೇರೆ ಎರಡು ಕಡೆಯಿಂದ ಬರುತ್ತಿದೆ. ಒಂದು ಬಿಡಿಭಾಗ. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿತು, ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ನಿಂತಿತು. ಸಿಗುವ ಪಿಸ್ಟನ್, ಬೇರಿಂಗ್‌ಗಳ ಗುಣಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಇನ್ನೊಂದು ರಸ್ತೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66 ಷಟ್ಪಥವಾಗಿದೆ. ಎಲ್ಲರೂ ನೂರರ ಹತ್ತಿರ ಓಡುವಾಗ ಅರುವತ್ತರಲ್ಲಿ ಸಾಗುವ ಕಾರು ಹಿಂದಿನವರಿಗೂ ಒಳಗಿನವರಿಗೂ ಅಪಾಯ. ಹಳೆ ರಸ್ತೆಯಲ್ಲಿ ಗುಂಡಿಗಳೇ ಎಲ್ಲರನ್ನೂ ಸಮಾನರನ್ನಾಗಿ ಇಟ್ಟಿದ್ದವು!

ಬಾನೆಟ್ ತೆರೆದಾಗ

ಈಗ ಗ್ಯಾರೇಜಿನ ಲೆಕ್ಕ. ಅಂಬಾಸಿಡರಿನ ಹಳೆ ಪೆಟ್ರೋಲ್ ಎಂಜಿನ್ 1,489 ಸಿಸಿಯದು, ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸರಣಿಯದು. ಪದ್ಮಿನಿಯದು 1,089 ಸಿಸಿಯ ಫಿಯೆಟ್ ಎಂಜಿನ್. ಎರಡರಲ್ಲೂ ಎಂಜಿನ್ ಕಾರಿನ ಉದ್ದಕ್ಕೆ ಕೂತಿದೆ. ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಚಕ್ರ. ಇಂದು ಗುಜರಿಯಲ್ಲಿ ಸಲೀಸಾಗಿ ಸಿಗುವ ಸಣ್ಣ ಕಾರುಗಳ ಎಂಜಿನ್‌ಗಳು ಬಹುಪಾಲು ಅಡ್ಡಕ್ಕೆ ಕೂತು ಮುಂದಿನ ಚಕ್ರವನ್ನು ತಿರುಗಿಸುವಂಥವು. ಸ್ವಿಫ್ಟಿನ ಎಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಅದರ ಗೇರ್‌ಬಾಕ್ಸ್ ಅಂಬಾಸಿಡರಿನಲ್ಲಿ ಕೆಲಸಕ್ಕೆ ಬಾರದು. ಹಾಗಾಗಿ ಹುಡುಕಾಟ ಹಿಂದಿನ ಚಕ್ರದ ವಾಹನಗಳ ಕಡೆ ತಿರುಗುತ್ತದೆ: ಮಾರುತಿ ಈಕೊದ 1.2 ಲೀಟರ್, ಜಿಪ್ಸಿಯ 1.3 ಲೀಟರ್, ಡೀಸೆಲ್ ಬೇಕೆಂದರೆ ಕ್ವಾಲಿಸ್ ಅಥವಾ ತವೇರಾ.

ಎಂಜಿನ್ ಸಿಕ್ಕಿದ ಮೇಲೆ ಲೇತಿನ ಕೆಲಸ. ಎಂಜಿನ್ ಮೌಂಟಿಂಗ್ ಹೊಸದಾಗಿ ಮಾಡಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು, ಆಯಿಲ್ ಸಂಪ್ ಮುಂದಿನ ಕ್ರಾಸ್ ಮೆಂಬರಿಗೆ ತಾಗದಂತೆ ತಿದ್ದಬೇಕು. ಇವು ನಮ್ಮ ಊರಿನ ಮೇಸ್ತ್ರಿಗಳಿಗೆ ಬರುವ ಕೆಲಸ. ತೊಡಕು ಶುರುವಾಗುವುದು ತಂತಿಗಳಲ್ಲಿ. ಕಾರ್ಬ್ಯುರೇಟರ್ ಎಂಜಿನ್‌ಗೆ ಒಂದು ಕಾಯಿಲ್, ಒಂದು ಡಿಸ್ಟ್ರಿಬ್ಯೂಟರ್ ಸಾಕಿತ್ತು. ಇಂಜೆಕ್ಷನ್ ಎಂಜಿನ್‌ಗೆ ಅದನ್ನು ನಿಯಂತ್ರಿಸುವ ಕಂಪ್ಯೂಟರ್ ಇಸಿಯು ಬೇಕು, ಕ್ರ್ಯಾಂಕ್ ಸೆನ್ಸರ್, ಆಕ್ಸಿಜನ್ ಸೆನ್ಸರ್, ಬೀಗದ ಕೈಯೊಳಗಿನ ಚಿಪ್ಪನ್ನು ಗುರುತಿಸುವ ಇಮೊಬಿಲೈಸರ್ ಬೇಕು. ಹಳೆ ಪಂಪ್ ಕಾರ್ಬ್ಯುರೇಟರಿಗೆ ಪೆಟ್ರೋಲನ್ನು ತಲುಪಿಸಿದರೆ ಸಾಕಿತ್ತು; ಇಂಜೆಕ್ಷನ್‌ಗೆ ಸುಮಾರು ಮೂರು ಬಾರ್ ಒತ್ತಡ ಬೇಕು. ಆದ್ದರಿಂದ ಟ್ಯಾಂಕಿನೊಳಗೆ ವಿದ್ಯುತ್ ಪಂಪ್, ಅದಕ್ಕೆ ತಕ್ಕ ಪೈಪು, ಹಿಂತಿರುಗುವ ದಾರಿ. ಆ ಪಂಪು, ಫ್ಯಾನು, ಇಸಿಯು ಎಲ್ಲಕ್ಕೂ ಬೇಕಾಗುವಷ್ಟು ಕರೆಂಟನ್ನು ಹಳೆ ಡೈನಮೊ ಕೊಡಲಾರದು, ಆಲ್ಟರ್ನೇಟರ್ ಬರಬೇಕು. ಒಂದನ್ನು ಬದಲಿಸಿದರೆ ಮೂರನ್ನು ಬದಲಿಸಬೇಕಾಗುತ್ತದೆ ಎನ್ನುವುದು ಇಲ್ಲಿ ಬರಿಯ ಮಾತಲ್ಲ.

ಇಷ್ಟೆಲ್ಲ ಆದ ಮೇಲೂ ಉಳಿಯುವ ದೊಡ್ಡ ಪ್ರಶ್ನೆ ಬ್ರೇಕಿನದು. ನಲವತ್ತು ಅಶ್ವಶಕ್ತಿಗೆ ಹೊಂದಿಸಿ ಮಾಡಿದ ಪದ್ಮಿನಿಗೆ ನಾಲ್ಕೂ ಚಕ್ರದಲ್ಲಿ ಡ್ರಮ್ ಬ್ರೇಕ್. ಈಕೊ ಎಂಜಿನ್ ಎಪ್ಪತ್ತು ದಾಟಿದ ಅಶ್ವಶಕ್ತಿ ಕೊಡುತ್ತದೆ. ವೇಗ ಸುಲಭವಾಗಿ ಏರುತ್ತದೆ, ನಿಲ್ಲುವ ಶಕ್ತಿ 1960ರ ದಶಕದ್ದೇ ಉಳಿಯುತ್ತದೆ. ಹಿಂದಿನ ಆ್ಯಕ್ಸಲ್, ಸ್ಟೀರಿಂಗ್ ಜೋಡಣೆಗಳು, ಉಪ್ಪುಗಾಳಿಗೆ ತಿಂದುಹೋದ ತಳದ ತಗಡು ಇವುಗಳ ಮೇಲೆ ಬೀಳುವ ಭಾರ ಬೇರೆಯಾಗುತ್ತದೆ. ಪದ್ಮಿನಿಗೆ ಬೇರೆ ಚಾಸಿ (ಅಡಿಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಎಂಜಿನ್ ಹೊರುವ ಜಾಗದ ತಗಡು ತುಕ್ಕು ಹಿಡಿದಿದ್ದರೆ ಮೇಲೆ ಬಳಿದ ಬಣ್ಣ ಅದನ್ನು ಮುಚ್ಚಿಡುತ್ತದೆ ಅಷ್ಟೆ. ಈ ವಿಷಯದಲ್ಲಿ ಅಧಿಕಾರಿಗಳ ಬಿಗಿ ನಿಲುವನ್ನು ಬರಿಯ ಕಿರಿಕಿರಿ ಎಂದು ತಳ್ಳಿಹಾಕುವವರು ಬ್ರೇಕಿನ ಲೆಕ್ಕ ಹಾಕಿದವರಲ್ಲ ಎಂದೇ ಹೇಳಬೇಕಾಗುತ್ತದೆ.

2000ದಲ್ಲಿ ಮುಚ್ಚಿದ ಬಾಗಿಲು

ಪಾಣತ್ತೂರು, ಬಂದಡ್ಕದ ಗುಡ್ಡಗಳಲ್ಲಿ ಒಂದು ಕಾಲಕ್ಕೆ ಜನ, ಅಡಿಕೆ, ರಬ್ಬರ್ ಎಲ್ಲವನ್ನೂ ಹೊತ್ತದ್ದು ಜೀಪುಗಳು. ಪೆಟ್ರೋಲ್ ಎಂಜಿನ್ನಿನ ಹಳೆ ವಿಲ್ಲೀಸ್ ಮಾದರಿಗೆ ಡೀಸೆಲ್ ಕೂರಿಸಿ, ಆರ್‌ಸಿಯಲ್ಲೂ ಡೀಸೆಲ್ ಎಂದು ಬರೆಸಿಕೊಂಡವರಿದ್ದರು. ಅಂಬಾಸಿಡರಿಗೆ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಹಾಕಿಸುವುದೂ ದೇಶದಾದ್ಯಂತ ಇದ್ದ ರೂಢಿ. ‘ಅವರಿಗೆ ಆದದ್ದು ನಮಗೇಕೆ ಆಗದು?’ ಎಂಬ ಪ್ರಶ್ನೆಗೆ ಉತ್ತರ ಅಧಿಕಾರಿಯ ಮರ್ಜಿಯಲ್ಲಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿದೆ.

1988ರಲ್ಲಿ ಬರೆದ ಮೂಲ ರೂಪದಲ್ಲಿ ಆ ಸೆಕ್ಷನ್ ಸರಳವಾಗಿತ್ತು. ಮಾರ್ಪಾಡು ಮಾಡುವ ಮುನ್ನ ನೋಂದಣಿ ಅಧಿಕಾರಿಗೆ ತಿಳಿಸಿ, ಒಪ್ಪಿಗೆ ಪಡೆದರೆ ಸಾಕು. 2000ದ ತಿದ್ದುಪಡಿ ಇದನ್ನು ತಲೆಕೆಳಗು ಮಾಡಿತು. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದಿತು. ಆರ್‌ಸಿಯಲ್ಲಿ ಏನೇನಿರುತ್ತದೆ? ಸಿಲಿಂಡರ್‌ಗಳ ಸಂಖ್ಯೆ, ಸಿಸಿ, ಇಂಧನ, ತೂಕ. ಬೇರೆ ಎಂಜಿನ್ ಹಾಕಿದ ಕೂಡಲೇ ಇವುಗಳಲ್ಲಿ ಒಂದಾದರೂ ತಪ್ಪುತ್ತದೆ. ಹಾಗಾಗಿ 2000ಕ್ಕೆ ಮೊದಲು ಒಪ್ಪಿಗೆ ಪಡೆದ ಜೀಪು ಇಂದಿಗೂ ಸಕ್ರಮ, ಇಂದು ಅದೇ ಕೆಲಸ ಮಾಡಿದ ನೆರೆಮನೆಯ ಜೀಪು ಅಕ್ರಮ.

ಕೇರಳದಲ್ಲಿ ಇದಾದ ಮೇಲೂ ಕೆಲಕಾಲ ಸಡಿಲಿಕೆಯ ಆಸೆ ಇತ್ತು. ಹೈಕೋರ್ಟಿನ ತೀರ್ಪೊಂದು ರಾಜ್ಯದ ನಿಯಮಗಳ ಆಧಾರದಲ್ಲಿ ಮಾರ್ಪಾಡಿಗೆ ಅವಕಾಶವಿದೆ ಎಂದಿತ್ತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ, ತಯಾರಕರ ಮೂಲ ನಮೂನೆಯನ್ನು ಮೀರಿ ಯಾವ ವಾಹನವನ್ನೂ ಬದಲಿಸುವಂತಿಲ್ಲ, ರಾಜ್ಯದ ನಿಯಮ ಕೇಂದ್ರದ ಕಾಯ್ದೆಗೆ ಅಧೀನ ಎಂದು ಹೇಳಿತು. ಅದೇ ವರ್ಷದ ಕಾಯ್ದೆ ತಿದ್ದುಪಡಿಯಲ್ಲಿ 182ಎ ಎಂಬ ಹೊಸ ಸೆಕ್ಷನ್ ಬಂತು: ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎಂಜಿನ್, ಟ್ಯಾಂಕ್, ಸೈಲೆನ್ಸರ್ ಎಂದು ಬಿಡಿಬಿಡಿಯಾಗಿ ಎಣಿಸಿದರೆ ಮೊತ್ತ ಬೇಗ ಬೆಳೆಯುತ್ತದೆ.

ಹಾಗೆಂದು ಎಂಜಿನ್ ಬದಲಾವಣೆಯೇ ನಿಷಿದ್ಧವಲ್ಲ. ಸೀಳಿದ ಬ್ಲಾಕಿನ ಜಾಗಕ್ಕೆ ಅದೇ ಕಂಪನಿಯ ಅದೇ ಬಗೆಯ ಎಂಜಿನ್ ತಂದು ಹಾಕಿ, ಒಪ್ಪಿಗೆ ಪಡೆದು, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬಹುದು. ಕಂಪನಿ ಬೇರೆ, ಸಿಸಿ ಬೇರೆ, ಬಗೆ ಬೇರೆ ಎಂದಾಗ ಮಾತ್ರ ದಾರಿ ಮುಚ್ಚುತ್ತದೆ.

ಕಾರ್ಖಾನೆಯೇ ಮಾಡಿದ ಕಸಿ

ಬದಲಾವಣೆಯ ಪರವಾಗಿ ಮಾತಾಡುವವರ ಬಳಿ ಒಂದು ಬಲವಾದ ವಾದವಿದೆ, ಅದನ್ನು ಅವರು ಸಾಕಷ್ಟು ಬಳಸುತ್ತಿಲ್ಲ. ಭಾರತದ ಕಾರು ಕಾರ್ಖಾನೆಗಳು ಬದುಕಿದ್ದೇ ಎಂಜಿನ್ ಕಸಿಯಿಂದ. 1990ರ ದಶಕದ ಆರಂಭದಲ್ಲಿ ಹಿಂದುಸ್ತಾನ್ ಮೋಟಾರ್ಸ್ 1950ರ ದಶಕದ ಅದೇ ಅಂಬಾಸಿಡರ್ ದೇಹದೊಳಗೆ ಜಪಾನಿನ ಇಸುಜು 1.8 ಲೀಟರ್ ಎಂಜಿನ್, ಐದು ಗೇರಿನ ಪೆಟ್ಟಿಗೆ ಕೂರಿಸಿ ಮಾರಿತು. ಅದಕ್ಕೂ ಮೊದಲು ಅದೇ ಕಂಪನಿಯ ಕಾಂಟೆಸಾ ಹಳೆ 1,489 ಸಿಸಿ ಎಂಜಿನ್ನಿನೊಡನೆ ಬಂದು, ಏದುಸಿರು ಬಿಟ್ಟು, ಇಸುಜು ಬಂದ ಮೇಲೆ ಚೇತರಿಸಿಕೊಂಡಿತು. ಪ್ರೀಮಿಯರ್ ಕಂಪನಿಯ 118 ಎನ್‌ಇ ಅಂತೂ ಫಿಯೆಟ್ 124ರ ದೇಹಕ್ಕೆ ನಿಸ್ಸಾನ್ ಎಂಜಿನ್ ಜೋಡಿಸಿದ್ದು.

ಇಲ್ಲಿ ಕಾನೂನಿನ ವಿಚಿತ್ರ ಕಾಣುತ್ತದೆ. 1978ರ ಅಂಬಾಸಿಡರಿಗೆ ಅದೇ ಕಂಪನಿ, ಅದೇ ದೇಹಕ್ಕೆಂದು ಪರೀಕ್ಷಿಸಿ ಅಳವಡಿಸಿದ ಇಸುಜು ಎಂಜಿನ್ ತಂದು ಹಾಕಿದರೂ ಆರ್‌ಸಿಯ 1,489 ಎಂಬ ಅಂಕೆ ತಪ್ಪುತ್ತದೆ. ಕ್ವಾಲಿಸ್ ಎಂಜಿನ್ ತುರುಕಿದವನಿಗೂ ಇವನಿಗೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ. ಇದು ಸರಿಯಲ್ಲ ಎಂಬುದು ಈ ಲೇಖನದ ನಿಲುವು. ಕಾರ್ಖಾನೆ ಒಮ್ಮೆ ಲೆಕ್ಕ ಹಾಕಿ, ಬ್ರೇಕು, ಆ್ಯಕ್ಸಲ್ ಹೊಂದಿಸಿ, ಒಪ್ಪಿಗೆ ಪಡೆದ ಜೋಡಣೆಯನ್ನು ಅದೇ ಮಾದರಿಯ ಹಿಂದಿನ ಕಾರಿಗೆ, ಅದೇ ಬ್ರೇಕು ಸಮೇತ, ಅಳವಡಿಸುವುದನ್ನು ಬೇರೆಯಾಗಿ ಕಾಣಬೇಕು.

ವಿರೋಧಿಸುವವರ ಮಾತಿನಲ್ಲೂ ತೂಕವಿದೆ. ಕಂಪನಿ ಒಂದು ಮಾದರಿಯನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯುತ್ತದೆ. ಬೀದಿಬದಿಯ ಗ್ಯಾರೇಜಿನ ಕೆಲಸಕ್ಕೆ ಅಂಥ ಪರೀಕ್ಷೆ ಎಲ್ಲಿದೆ? ಹೊಗೆಯ ವಿಷಯದಲ್ಲೂ ಹೊಸ ಎಂಜಿನ್ ಎಂದರೆ ಶುದ್ಧ ಎಂದಾಗುವುದಿಲ್ಲ. ಶುದ್ಧತೆ ಬರುವುದು ಎಂಜಿನ್, ಸೆನ್ಸರ್, ಹೊಗೆಯ ವಿಷವನ್ನು ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಟ್ಟಾಗಿ ಕೆಲಸ ಮಾಡಿದಾಗ. ಕಸಿಯಲ್ಲಿ ಮೊದಲು ಬಿಟ್ಟುಹೋಗುವುದೇ ಕನ್ವರ್ಟರ್. ತಪಾಸಣೆ ಇದನ್ನು ಹಿಡಿಯುವುದೂ ಇಲ್ಲ. ಬಿಎಸ್-6 ಪೆಟ್ರೋಲ್ ಕಾರಿನ ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡ್ ಶೇ 0.3ರೊಳಗಿರಬೇಕು, ಹಳೆ ಕಾರಿಗೆ ಶೇ 3ರವರೆಗೂ ಬಿಡುವುಂಟು. ಪದ್ಮಿನಿಯ ಹೊಟ್ಟೆಯಲ್ಲಿ ಹೊಸ ಎಂಜಿನ್ ಇದ್ದರೂ ಅದನ್ನು ಅಳೆಯುವುದು ಪದ್ಮಿನಿಯ ಕೋಲಿನಿಂದಲೇ.

ವಿಂಟೇಜ್ ಎನಿಸಿಕೊಳ್ಳಲು

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರು ನೋಂದಣಿಗೆ 5,000. ಹೊಸದಾಗಿ ನೋಂದಾಯಿಸಿದ ಗಾಡಿಗೆ ‘ವಿಎ’ ಅಕ್ಷರಗಳ ಫಲಕ. ಆದರೆ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಷ್ಟಕ್ಕೇ ರಸ್ತೆಗೆ ಇಳಿಯಬಹುದು.

ಹಾಗಾಗಿ 1970ರ ಅಂಬಾಸಿಡರಿಗೆ ಹೊಸ ಎಂಜಿನ್ ಹಾಕಿದವರು ಎರಡು ಕಡೆಯಿಂದಲೂ ಕಳೆದುಕೊಳ್ಳುತ್ತಾರೆ. ಸಾಮಾನ್ಯ ನೋಂದಣಿಯಲ್ಲಿ ಅದು ಅಕ್ರಮ ಮಾರ್ಪಾಡು, ವಿಂಟೇಜ್ ನೋಂದಣಿಗೆ ಅನರ್ಹ. ಎಂಜಿನ್ ಕಳಚಿ ಗುಜರಿಗೆ ಕೊಟ್ಟಿದ್ದರೆ ಮರಳುವ ದಾರಿಯೂ ಇಲ್ಲ. ಮೂಲ ಎಂಜಿನ್ನನ್ನು ಗೋಣಿಯಲ್ಲಿ ಸುತ್ತಿ ಆಯಿಲ್ ಹಾಕಿ ಇಟ್ಟುಕೊಳ್ಳಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಹೆಚ್ಚು ಇಕ್ಕಟ್ಟಿಗೆ ಸಿಲುಕಿರುವುದು ನಡುವಯಸ್ಸಿನ ಕಾರುಗಳು. ನಮ್ಮ ಶೆಡ್ಡುಗಳಲ್ಲಿ ಉಳಿದಿರುವ ಪದ್ಮಿನಿಗಳು, ಮೊದಲ ತಲೆಮಾರಿನ ಮಾರುತಿ 800ಗಳು, ಕಾಂಟೆಸಾಗಳು 1975ರ ನಂತರದವು. ಐವತ್ತಾಗಿಲ್ಲವಾದ್ದರಿಂದ ವಿಂಟೇಜ್ ಅಲ್ಲ, ಇಪ್ಪತ್ತು ದಾಟಿದ್ದರಿಂದ ದುಬಾರಿ ಶುಲ್ಕ. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಮೂವತ್ತು ವರ್ಷದ ಕಾರನ್ನು ಐತಿಹಾಸಿಕ ಎಂದು ಒಪ್ಪುತ್ತದೆ, ಅದು ಮೂಲರೂಪದಲ್ಲಿದ್ದು ದಿನಬಳಕೆಯದಾಗಿಲ್ಲದಿದ್ದರೆ. ನಮ್ಮಲ್ಲಿ ಮೂವತ್ತರಿಂದ ಐವತ್ತರವರೆಗಿನ ಇಪ್ಪತ್ತು ವರ್ಷ ಕಾರು ಬರಿಯ ಹಳೆ ಸಾಮಾನು.

ಬ್ಯಾಟರಿ ಹಾಕಿದರೆ?

52ನೇ ಸೆಕ್ಷನ್ ಒಂದು ಕಿಂಡಿಯನ್ನು ತೆರೆದೇ ಇಟ್ಟಿದೆ: ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಬದಲಾಯಿಸುವ ಕಿಟ್. ಪೆಟ್ರೋಲ್ ಎಂಜಿನ್ ತೆಗೆದು ಮೋಟಾರ್ ಕೂರಿಸುವುದಕ್ಕೆ ನಿಯಮಗಳು 2016ರಲ್ಲಿ ಬಂದವು. ಆದರೆ ಅವು 1990ರ ಜನವರಿ 1ರ ನಂತರ ತಯಾರಾದ ವಾಹನಗಳಿಗೆ. 1991ರ ಅಂಬಾಸಿಡರಿಗೆ ಬ್ಯಾಟರಿ ಹಾಕಬಹುದು, ಹೆಚ್ಚುಕಡಿಮೆ ಅದರಂತೆಯೇ ಇರುವ 1989ರದ್ದಕ್ಕೆ ಆಗದು. ಕಿಟ್ ಆ ಮಾದರಿಗೆಂದೇ ಪರೀಕ್ಷೆಯಾಗಿ ಒಪ್ಪಿಗೆ ಪಡೆದಿರಬೇಕು, ಕೂರಿಸುವವರು ಅಧಿಕೃತರಾಗಿರಬೇಕು. ಬೆರಳೆಣಿಕೆಯ ಗಿರಾಕಿಗಳಿರುವ ಮಾದರಿಗೆ ಯಾವ ಕಂಪನಿ ಆ ಖರ್ಚಿಗೆ ಇಳಿಯುತ್ತದೆ? ಕಾಗದದ ಮೇಲೆ ತೆರೆದಿರುವ ದಾರಿ, ಮಾರುಕಟ್ಟೆಯಲ್ಲಿ ಬಹುಮಟ್ಟಿಗೆ ಮುಚ್ಚಿದೆ.

ತಲಪಾಡಿಯ ಆಚೆ, ಈಚೆ

ಗಡಿನಾಡಿನ ಕನ್ನಡಿಗರ ಗೊಂದಲಕ್ಕೆ ಇನ್ನೊಂದು ಕಾರಣ ಇಲ್ಲಿಗಷ್ಟೇ ಸೇರಿದ್ದು. ಓದುವುದು ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆ, ಅದರಲ್ಲಿ ಇರುವುದು ಕರ್ನಾಟಕದ ತೆರಿಗೆಯ ಸುದ್ದಿ. ತೆರಬೇಕಾದದ್ದು ಕೇರಳಕ್ಕೆ, ಅಲ್ಲಿನ ಸುತ್ತೋಲೆ ಮಲಯಾಳದಲ್ಲಿ. ರಿಪೇರಿಗೆ ಹೋಗುವುದು ಮತ್ತೆ ಮಂಗಳೂರಿಗೆ. ‘ಅಲ್ಲಿ ಮಾಡಿಸಿದರೆ ನಡೆಯುತ್ತದೆ’ ಎಂಬ ಮಾತು ಹುಟ್ಟುವುದು ಹೀಗೆ. ತೆರಿಗೆ ರಾಜ್ಯದ್ದು, ಗಡಿ ದಾಟಿದರೆ ಬದಲಾಗುತ್ತದೆ. 52ನೇ ಸೆಕ್ಷನ್ ಕೇಂದ್ರದ್ದು, ತಲಪಾಡಿಯ ಎರಡೂ ಕಡೆ ಒಂದೇ.

ಮಂಗಳೂರಿನ ಕೆಎ-19 ಹಳೆ ಕಾರನ್ನು ಕೊಂಡು ಕಾಸರಗೋಡಿಗೆ ತಂದವರಿಗೆ ಪರೀಕ್ಷೆಯ ದಿನ ಬೇಗ ಬರುತ್ತದೆ. ಬೇರೆ ರಾಜ್ಯದ ವಾಹನ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಕೆಎಲ್-14 ಸಂಖ್ಯೆ ಪಡೆಯಬೇಕು. ಅದಕ್ಕೆ ಅಲ್ಲಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ಕಾರಿನ ಕಣ್ಣಾರೆ ತಪಾಸಣೆ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಎಂಜಿನ್ ನಂಬರನ್ನು ಆರ್‌ಸಿಯ ಜೊತೆ ತಾಳೆ ನೋಡುತ್ತಾರೆ. ಹಿಂದಿನ ಮಾಲೀಕ ಸದ್ದಿಲ್ಲದೆ ಮಾಡಿಸಿದ ಕಸಿ ಬಯಲಾಗುವುದು ಈ ಮೇಜಿನ ಮುಂದೆ. ಎಂಜಿನ್ ಗುಜರಿಯಿಂದ ಬಂದದ್ದಾಗಿ ಬಿಲ್ ಇಲ್ಲದಿದ್ದರೆ ಅದು ಕದ್ದ ವಾಹನದ್ದಲ್ಲ ಎಂದು ತೋರಿಸುವ ಹೊಣೆಯೂ ಹೊಸ ಮಾಲೀಕನ ತಲೆಗೇ ಬೀಳುತ್ತದೆ.

ವಿಮೆಯಲ್ಲಿ ತೊಡಕು ತಡವಾಗಿ, ಅಪಘಾತವಾದ ಮೇಲೆ ಕಾಣಿಸುತ್ತದೆ. ತಿಳಿಸದೆ ಮಾಡಿದ ಮಾರ್ಪಾಡನ್ನು ತೋರಿಸಿ ಸ್ವಂತ ಹಾನಿಯ ಪರಿಹಾರವನ್ನು ಕಂಪನಿ ತಿರಸ್ಕರಿಸಬಹುದು. ಇನ್ನೊಬ್ಬರಿಗೆ ಗಾಯವಾಗಿದ್ದರೆ, ಬ್ರೇಕು ಹಳೆಯದು, ಎಂಜಿನ್ ಅಕ್ರಮ ಎಂಬ ಎರಡೂ ಅಂಶಗಳು ಚಾಲಕನ ವಿರುದ್ಧ ನಿಲ್ಲುತ್ತವೆ.

ಮುಂದೆ ಏನಾಗಬಹುದು?

ಶುಲ್ಕ ಏರುತ್ತಾ ಹೋದಂತೆ ಮೂರು ಪರಿಣಾಮ ನಿರೀಕ್ಷಿಸಬಹುದು. ಕೈಯಲ್ಲಿ ಹಣವಿದ್ದವರು ಮೂಲ ಎಂಜಿನ್ನನ್ನೇ ಬೋರ್ ಮಾಡಿಸಿ, ಲೈನರ್ ಹಾಕಿಸಿ ಐವತ್ತರ ಗಡಿಗೆ ಕಾಯುತ್ತಾರೆ. ಹಣವಿಲ್ಲದವರು ನವೀಕರಣ ಬಿಟ್ಟು ಕಾರನ್ನು ಶೆಡ್ಡಿನಲ್ಲೇ ತುಕ್ಕಿಗೆ ಬಿಡುತ್ತಾರೆ ಅಥವಾ ತೂಕಕ್ಕೆ ಮಾರುತ್ತಾರೆ. ಉಳಿದವರು ಕಸಿ ಮಾಡಿಸಿ ಒಳರಸ್ತೆಗಳಲ್ಲಿ ಓಡಿಸುತ್ತಾರೆ. ಈ ಮೂರನೆಯ ಗುಂಪೇ ರಸ್ತೆ ಸುರಕ್ಷತೆಯ ದೃಷ್ಟಿಯಿಂದ ಚಿಂತೆಗೆ ಕಾರಣ. ಅವರ ಕಾರನ್ನು ಯಾರೂ ಪರೀಕ್ಷಿಸುವುದಿಲ್ಲ, ಪರೀಕ್ಷೆಗೆ ತಂದರೆ ಸಿಕ್ಕಿಬೀಳುತ್ತಾರೆ. ನಿಷೇಧ ಬಿಗಿಯಾದಷ್ಟೂ ಬ್ರೇಕು ನೋಡುವ ಕಣ್ಣುಗಳು ಕಡಿಮೆಯಾಗುತ್ತವೆ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ನಿರ್ದಿಷ್ಟ ಉದ್ದೇಶಕ್ಕಾಗಿ ಮಾರ್ಪಾಡಿಗೆ ವಿನಾಯಿತಿ ಕೊಡುವ ಅಧಿಕಾರ ಕೇಂದ್ರಕ್ಕೆ 52ನೇ ಸೆಕ್ಷನ್‌ನಲ್ಲೇ ಇದೆ. ಬ್ರಿಟನ್ 2025ರ ಆಗಸ್ಟ್‌ನಿಂದ ದುರಸ್ತಿಯಾದ ಹಾಗೂ ಮಾರ್ಪಡಿಸಿದ ಹಳೆ ಕಾರುಗಳು, ವಿದ್ಯುತ್ತಿಗೆ ಬದಲಾದವೂ ಸೇರಿ, ಮೂಲ ನೋಂದಣಿ ಸಂಖ್ಯೆಯನ್ನು ಉಳಿಸಿಕೊಳ್ಳುವ ನಿಯಮವನ್ನು ಸಡಿಲಿಸಿದೆ. ಮಾಡಿದ ಮಾರ್ಪಾಡನ್ನು ಮಾಲೀಕ ತಿಳಿಸಬೇಕು ಎಂಬುದು ಷರತ್ತು. ನಮ್ಮಲ್ಲಿ ಮೂವತ್ತು ವರ್ಷ ದಾಟಿದ ಕಾರಿಗೆ, ಅದೇ ತಯಾರಕ ಅದೇ ಮಾದರಿಗೆ ಮುಂದೆ ಬಳಸಿದ ಎಂಜಿನ್ನಿಗೆ, ಜೊತೆಗೆ ಅದರ ಬ್ರೇಕಿನ ಜೋಡಣೆ ಕಡ್ಡಾಯ ಎಂದು ಒಂದು ಸಾಲು ಸೇರಿಸಿದರೆ ಅಂಬಾಸಿಡರಿನ ಬಹುಪಾಲು ಪ್ರಕರಣ ಇತ್ಯರ್ಥವಾಗುತ್ತದೆ. ವಿದ್ಯುತ್ ಕಿಟ್ಟಿನ 1990ರ ಗೆರೆಯನ್ನು ತೆಗೆದುಹಾಕುವುದೂ ಅಷ್ಟೇ ಸುಲಭ.

ಪದ್ಮಿನಿಗೆ ಮಾತ್ರ ಇದರಿಂದ ಹೆಚ್ಚಿನ ನೆರವು ಸಿಗದು. ಅದರ ಕಂಪನಿ ಆ ದೇಹಕ್ಕೆ ಕೊನೆಯ ವರ್ಷಗಳಲ್ಲಿ ಕೂರಿಸಿದ್ದು ಒಂದು ಇಟಾಲಿಯನ್ ಡೀಸೆಲ್. ಅದರ ಬಿಡಿಭಾಗ ಪೆಟ್ರೋಲ್ ಎಂಜಿನ್ನಿನದಕ್ಕಿಂತಲೂ ದುರ್ಲಭ. ಪದ್ಮಿನಿ ಇಟ್ಟುಕೊಂಡವರು ಸದ್ಯಕ್ಕೆ ಮಾಡಬಹುದಾದದ್ದು, ಅದೇ 1,089 ಸಿಸಿಯ ಇನ್ನೊಂದು ಎಂಜಿನ್ ಬಿಲ್ ಸಮೇತ ಸಿಕ್ಕರೆ ಕೊಂಡಿಟ್ಟುಕೊಳ್ಳುವುದು.